ಮುದಿ ನೊಣಕ್ಕೆ ಏರುವ ಪರೀಕ್ಷೆ: ನಾನು ಮಾಡುವ ಬಗೆ

ಹಣ್ಣಿನ ನೊಣಗಳಿರುವ ಸೀಸೆಯನ್ನು ಕುಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ, ಮರುಕ್ಷಣವೇ ಗೋಡೆ ಹಿಡಿದು ಮೇಲಕ್ಕೆ ಏರುತ್ತವೆ. ಅದು ಅವುಗಳ ಹುಟ್ಟುಗುಣ. ವಯಸ್ಸಾದ ಹಾಗೆ ಏರುವುದು ನಿಧಾನವಾಗುತ್ತದೆ. ಇಲಿ ಮುದಿಯಾಗಲು ಎರಡು ವರ್ಷ ಕಾಯಬೇಕು. ನೊಣ 25 ಡಿಗ್ರಿಯಲ್ಲಿ ಎರಡು ಮೂರು ತಿಂಗಳಿಗೆ ಆಯಸ್ಸು ಮುಗಿಸುತ್ತದೆ. ಅದಕ್ಕೇ ಮುಪ್ಪನ್ನು ಅಳೆಯಲು ನೊಣ.

ಮೊದಲು ಊಟ. ಮೈಸೂರಿನಲ್ಲಿ ನಾನು ಕಲಿತ ಅಳತೆ ಇದು: ಒಂದು ಲೀಟರ್ ನೀರಿಗೆ ಗೋಧಿ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಊಟ ಗಟ್ಟಿಯಾಗಲು ಅಗರ್ ಪುಡಿ 10 ಗ್ರಾಂ. ಕುದಿಸಿ ಇಳಿಸಿದ ಮೇಲೆ ಬೂಸ್ಟು ಹಿಡಿಯದಿರಲು 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ. ಆಮ್ಲ ಹಾಕುವ ತನಕ ಘಮ ಥೇಟ್ ಸಜ್ಜಿಗೆಯದು!

ಒಂದೇ ದಿನ ಹುಟ್ಟಿದ ನೊಣಗಳನ್ನು ಗಂಡು, ಹೆಣ್ಣು ಬೇರೆ ಮಾಡಿ, ಸೀಸೆಗೆ 20ರಂತೆ ಇಡಿ. ಎರಡು ಮೂರು ದಿನಕ್ಕೊಮ್ಮೆ ಹೊಸ ಊಟದ ಸೀಸೆಗೆ ದಾಟಿಸಿ. ಊಟ ನೀರಾಗಿದ್ದರೆ ಮುದಿ ನೊಣ ಅದಕ್ಕೇ ಅಂಟಿಕೊಂಡು ಸಾಯುತ್ತದೆ. ಮೊದಲ ಸಲ ಅಂಥವನ್ನೂ ಮುಪ್ಪಿನ ಸಾವು ಅಂತಲೇ ಬರೆದುಬಿಟ್ಟಿದ್ದೆ. ಎರಡು ತಿಂಗಳ ಕೆಲಸ ಹಾಳಾಯಿತು. ಅಂಟಿ ಸತ್ತವು, ದಾಟಿಸುವಾಗ ಹಾರಿಹೋದವು, ಇವಕ್ಕೆ ಬೇರೆ ಕಾಲಂ ಇರಲಿ.

ಪರೀಕ್ಷೆ ವಾರಕ್ಕೊಮ್ಮೆ ಸಾಕು, ಆದರೆ ಪ್ರತಿಸಲವೂ ಅದೇ ಗಂಟೆಗೆ. ನೊಣದ ಚುರುಕು ಹೊತ್ತಿನಂತೆ ಬದಲಾಗುತ್ತದೆ. ಹಿಂದಿನ 24 ಗಂಟೆ ಕಾರ್ಬನ್ ಡೈಆಕ್ಸೈಡ್ ಕೊಟ್ಟು ಮಲಗಿಸಬೇಡಿ. ಖಾಲಿ ಸೀಸೆಗೆ ತಳದಿಂದ 8 ಸೆಂ.ಮೀ.ಗೆ ಗೆರೆ ಎಳೆದು, ನೊಣಗಳನ್ನು ಅದಕ್ಕೆ ದಾಟಿಸಿ. ಮೌಸ್ ಪ್ಯಾಡ್ ಮೇಲೆ ಮೂರು ಸಲ ಕುಟ್ಟಿ, 10 ಸೆಕೆಂಡಿನಲ್ಲಿ ಗೆರೆ ದಾಟಿದವು ಎಷ್ಟು ಅಂತ ಎಣಿಸಿ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಒಳ್ಳೆಯದು, ಕಣ್ಣು ಮೋಸ ಮಾಡುತ್ತದೆ. ನಿಮಿಷ ಬಿಟ್ಟು ಇನ್ನೆರಡು ಸಲ. ಗುಂಪಿಗೊಂದು ಮದ್ದೋ ಊಟವೋ ಕೊಟ್ಟು ಹೋಲಿಸುತ್ತಿದ್ದರೆ, ಯಾವ ಸೀಸೆಗೆ ಏನು ಕೊಟ್ಟಿದೆ ಅನ್ನೋದು ಎಣಿಸುವವರಿಗೆ ಗೊತ್ತಿರಬಾರದು. ಚೀಟಿ ಬೇರೆಯವರು ಅಂಟಿಸಲಿ.

ಆರನೇ ವಾರ ಸರಾಸರಿ ಕೊಂಚ ಏರಿತಾ? ಹಿಗ್ಗಬೇಡಿ. ಕುಂಟುತ್ತಿದ್ದವು ಸತ್ತು ಗಟ್ಟಿಮುಟ್ಟಾದವು ಉಳಿದಿರಬಹುದು, ಅಲ್ವಾ? ಅದಕ್ಕೇ ನಾನು ಕೆಲವನ್ನು ಸೀಸೆಗೊಂದರಂತೆ ಇಟ್ಟು, ಅದೇ ನೊಣವನ್ನು ಕೊನೆತನಕ ನೋಡುತ್ತೇನೆ. ಗ್ರಾಫಿನಲ್ಲಿ ಆಯಸ್ಸಿನ ಗೆರೆ, ಏರಿಕೆಯ ಗೆರೆ ಬೇರೆಬೇರೆಯಾಗಿ ಬಿಡಿಸಿ. ಜಾಸ್ತಿ ದಿನ ಬದುಕಿದ ಗುಂಪು ಜಾಸ್ತಿ ದಿನ ಏರಿರಲೇಬೇಕು ಅಂತೇನಿಲ್ಲ.

ಗುಂಪಿನ ಸೀಸೆಯಲ್ಲಿ ಐದಕ್ಕಿಂತ ಕಡಿಮೆ ಉಳಿದಾಗ ನಾನು ಕುಟ್ಟುವುದನ್ನು ನಿಲ್ಲಿಸುತ್ತೇನೆ, ಸಾವಿನ ಲೆಕ್ಕ ಮಾತ್ರ ನಡೆಯುತ್ತದೆ. ಅಂಗಾತ ಬಿದ್ದದ್ದನ್ನು ಕೂಡಲೇ ಸತ್ತಿದೆ ಅಂತ ಬರೆಯಬೇಡಿ. ಸೀಸೆಯನ್ನು ಬೆರಳಿನಿಂದ ತಟ್ಟಿ ನೋಡಿ. ಕಾಲು ಅಲುಗಿದರೆ ಅದು ಇನ್ನೂ ಇದೆ.