ಪುಟ್ಟ ಕೆರೆಯ ಮಣ್ಣಿನ ಏರಿ: ಬೆನ್ನ ಕಡೆಯಿಂದ ನೋಡುವುದು ಹೇಗೆ?

ದೋಣಿ ಬಿಡಲು, ಮೀನು ಹಿಡಿಯಲು, ಸುಮ್ನೆ ದಡದಲ್ಲಿ ಕೂರಲು ಕಟ್ಟಿಸಿದ ಕೆರೆಗೆ ಬಂದವರೆಲ್ಲ ನೀರಿನ ಕಡೆಗೇ ಮುಖ ಮಾಡುತ್ತಾರೆ. ಮಣ್ಣಿನ ಏರಿಗೆ ತೊಂದರೆ ಶುರುವಾದರೆ ಅದು ಹೆಚ್ಚಾಗಿ ಕಾಣುವುದು ಬೆನ್ನ ಕಡೆ, ನೀರಿಲ್ಲದ ಇಳಿಜಾರಿನಲ್ಲಿ. ಅಂಥ ಏರಿ ನಿಮ್ಮ ಸಂಘದ್ದೋ ಬಡಾವಣೆಯದ್ದೋ ಆಗಿದ್ದರೆ ಅದನ್ನು ನೋಡಿಕೊಳ್ಳುವ ಹೊಣೆಯೂ ನಿಮ್ಮದೇ. ಸರ್ಕಾರಿ ಪರಿವೀಕ್ಷಕರು ಬರುವುದು ಅಪರೂಪ. ಎತ್ತರ ಕಡಿಮೆ ಎಂಬ ಕಾರಣಕ್ಕೆ ಎಷ್ಟೋ ಏರಿಗಳು ಅವರ ಪಟ್ಟಿಯಲ್ಲೇ ಇರುವುದಿಲ್ಲ.

ಕೆಳಗೆ ಯಾರಿದ್ದಾರೆ?

ಏರಿ ಹತ್ತುವ ಮೊದಲು ಹಳ್ಳದ ಗುಂಟ ಕೆಳಕ್ಕೆ ನಡೆದು ಬನ್ನಿ. ಮನೆ, ಶಾಲೆ, ಸೇತುವೆ, ಡೇರೆ ಹಾಕುವ ಜಾಗ, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಅಣೆಕಟ್ಟಿಗೆ ಅಪಾಯದ ದರ್ಜೆ ಕೊಡುವುದು ಅದು ಒಡೆದರೆ ಕೆಳಗೆ ಏನಾಗುತ್ತದೆ ಎಂಬುದರ ಮೇಲೆ. ಗಟ್ಟಿಮುಟ್ಟಾದ ಏರಿಯೂ ಮೇಲಿನ ದರ್ಜೆಯಲ್ಲಿ ಇರಬಹುದು. ಕೆಳಗೆ ಹೊಸ ಮನೆ ಎದ್ದರೆ ದರ್ಜೆಯೂ ಬದಲಾಗಬೇಕು.

ಅಮೆರಿಕದ ಜಾರ್ಜಿಯಾದಲ್ಲಿದ್ದ ಕೆಲ್ಲಿ ಬಾರ್ನ್ಸ್ ಏರಿಯ ಎತ್ತರ ಸುಮಾರು 40 ಅಡಿ. ಮೊದಲು ವಿದ್ಯುತ್ತಿಗೆ ಬಳಸುತ್ತಿದ್ದರು, 1957ರ ನಂತರ ಅದು ಬರೀ ವಿಹಾರದ ಕೆರೆ. 1977ರ ನವೆಂಬರ್ 6ರ ಬೆಳಗಿನ ಜಾವ, ಜನ ಮಲಗಿದ್ದಾಗ ಒಡೆಯಿತು. ಕೆಳಗಿದ್ದ ಬೈಬಲ್ ಕಾಲೇಜಿನ ಆವರಣದಲ್ಲಿ 39 ಜನ ಸತ್ತರು. ಏರಿಗಳನ್ನು ತಪಾಸಣೆ ಮಾಡಬೇಕೆಂಬ ಕಾನೂನು ಅಮೆರಿಕದಲ್ಲಿ 1972ರಲ್ಲೇ ಬಂದಿತ್ತು. ಖಾಸಗಿ ಏರಿಗಳ ದೊಡ್ಡ ತಪಾಸಣೆ ಶುರುವಾಗಿದ್ದು ಮಾತ್ರ ಈ ಸಾವುಗಳ ಮೇಲೆ. 1981ರ ಹೊತ್ತಿಗೆ ಸೇನೆಯ ಎಂಜಿನಿಯರುಗಳು ನೋಡಿದ ಸುಮಾರು 8,800 ಏರಿಗಳಲ್ಲಿ ಮೂರರಲ್ಲೊಂದು ಸುರಕ್ಷಿತವಲ್ಲ ಎಂದು ಗೊತ್ತಾಯಿತು.

ಏರಿಯ ಬುಡದಲ್ಲಿ ನಡೆಯಿರಿ

ತಿಂಗಳಿಗೊಮ್ಮೆಯಾದರೂ ನೋಡಿ. ಜೋರು ಮಳೆಯಾದ ಮೇಲೆ, ಭೂಮಿ ನಡುಗಿದ ಮೇಲೆ ಮತ್ತೆ ನೋಡಿ. ಹುಲ್ಲು ಕತ್ತರಿಸಿರಬೇಕು, ಇಲ್ಲದಿದ್ದರೆ ಏನೂ ಕಾಣುವುದಿಲ್ಲ.

ಬುಡದಲ್ಲಿ ಒಂದೇ ಕಡೆ ಹುಲ್ಲು ಜಾಸ್ತಿ ಹಸಿರಾಗಿದೆಯೇ? ಕಾಲಿಟ್ಟರೆ ಕೆಸರೇ? ಮಣ್ಣಿನ ಏರಿಯಲ್ಲಿ ಸ್ವಲ್ಪ ನೀರು ಜಿನುಗುವುದು ಸಹಜ. ನೋಡಬೇಕಾದದ್ದು ಎರಡು: ಆ ನೀರು ತಿಳಿಯಾಗಿದೆಯೇ, ಹರಿವು ಹೆಚ್ಚುತ್ತಿದೆಯೇ. ಕದಡಿದ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದೇ ಅರ್ಥ. ಮಣ್ಣು ಹೋದಷ್ಟೂ ದಾರಿ ಅಗಲವಾಗುತ್ತದೆ, ನೀರಿನ ರಭಸ ಹೆಚ್ಚುತ್ತದೆ, ಇನ್ನಷ್ಟು ಮಣ್ಣು ಹೋಗುತ್ತದೆ. ಕೊನೆಗೆ ಏರಿಯೊಳಗೆ ಕೊಳವೆಯಂಥ ಸುರಂಗವಾಗುತ್ತದೆ. ಇದು ಗಂಟೆಗಳಲ್ಲಿ ಮುಗಿದುಹೋಗಬಹುದು. ಜಿನುಗುವ ನೀರನ್ನು ಒಂದು ಸಣ್ಣ ಕಾಲುವೆಗೆ ತಿರುಗಿಸಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಅಳೆದು ಬರೆದಿಡಿ. ಪಕ್ಕದಲ್ಲೇ ಕೆರೆಯ ನೀರಿನ ಮಟ್ಟವನ್ನೂ ಬರೆಯಿರಿ. ನೀರಿನ ಮಟ್ಟ ಹಾಗೇ ಇದ್ದು ಜಿನುಗು ಮಾತ್ರ ಹೆಚ್ಚಿದರೆ ಅಂದೇ ಎಂಜಿನಿಯರನ್ನು ಕರೆಸಿ.

ತೂಬಿನ ಕೊಳವೆ ಹೊರಬರುವ ಜಾಗವನ್ನು ಬೇರೆಯಾಗಿಯೇ ನೋಡಿ. ಹಳೆಯ ತಗಡಿನ ಕೊಳವೆಗಳು ತುಕ್ಕು ಹಿಡಿದು ತೂತಾಗುತ್ತವೆ. ಕೊಳವೆಯ ಹೊರಮೈಗೆ ಅಂಟಿಕೊಂಡು ನೀರು ಬರುತ್ತಿದ್ದರೆ ಅದು ಕೆಟ್ಟ ಸೂಚನೆ.

ಮರಗಳ ವಿಷಯದಲ್ಲಿ ಜನರಿಗೆ ಬೇಸರವಾಗುತ್ತದೆ, ನೆರಳು ಬೇಕಲ್ವಾ? ಆದರೂ ಏರಿಯ ಮೇಲೆ ಹುಲ್ಲು ಮಾತ್ರ ಇರಲಿ. ಗಾಳಿಗೆ ಮರ ಬಿದ್ದರೆ ಬುಡದ ಜೊತೆ ಏರಿಯ ಮಣ್ಣೂ ಕಿತ್ತು ಬರುತ್ತದೆ. ಸತ್ತ ಬೇರು ಕೊಳೆತರೆ ನೀರಿಗೆ ದಾರಿಯಾಗುತ್ತದೆ. ಗಿಡ ಎಳೆಯದಾಗಿರುವಾಗಲೇ ಕೀಳಿ. ದೊಡ್ಡ ಮರವನ್ನು ಮಾತ್ರ ನೀವಾಗಿ ಕಡಿಯಬೇಡಿ. ಬೇರು ತೆಗೆದು, ಮಣ್ಣು ತುಂಬಿ ದಮ್ಮಸು ಮಾಡುವ ಕೆಲಸ ಎಂಜಿನಿಯರ್ ಎದುರಿನಲ್ಲೇ ಆಗಬೇಕು. ಪ್ರಾಣಿಗಳು ತೋಡಿದ ಬಿಲಗಳಿಗೂ ಇದೇ ಎಚ್ಚರ ಬೇಕು.

ಮೇಲೆ, ಮತ್ತು ಕೋಡಿಯಲ್ಲಿ

ಏರಿಯ ತಲೆ ಒಂದೇ ಮಟ್ಟದಲ್ಲಿರಬೇಕು. ತಗ್ಗಾದ ಕಡೆಯೇ ನೀರು ಮೊದಲು ಉಕ್ಕುತ್ತದೆ. ಏರಿಯ ಉದ್ದಕ್ಕೆ ಸಾಗುವ ಬಿರುಕು ಇಳಿಜಾರು ಜಾರುತ್ತಿರುವುದನ್ನು ತೋರಿಸಬಹುದು. ಅಡ್ಡ ಬಿರುಕು ನೀರಿಗೆ ನೇರ ದಾರಿ.

ಕೋಡಿಗೆ ಯಾವತ್ತೂ ಅಡ್ಡ ಕಟ್ಟಬೇಡಿ. ಕೆರೆಯ ನೀರು ಸ್ವಲ್ಪ ಜಾಸ್ತಿ ನಿಲ್ಲಲಿ ಎಂದು ಹಲಗೆ ಇಡುವುದು, ಮೀನು ಹೋಗದಿರಲಿ ಎಂದು ಜಾಲರಿ ಹಾಕುವುದು, ಎರಡೂ ಬೇಡ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಕೆರೆ ಶ್ರೀಮಂತರ ಮೀನುಗಾರಿಕೆ ಕ್ಲಬ್ಬಿನದ್ದಾಗಿತ್ತು. ಕೆಳಗಿನ ತೂಬಿನ ಕೊಳವೆಗಳನ್ನು ಹಿಂದಿನ ಮಾಲೀಕರೇ ಕಿತ್ತು ಮಾರಿದ್ದರು. ಕ್ಲಬ್ಬಿನವರು ಗಾಡಿ ಓಡಾಡಲೆಂದು ಏರಿಯ ತಲೆ ತಗ್ಗಿಸಿದರು, ಕೋಡಿಗೆ ಮೀನಿನ ಜಾಲರಿ ಹಾಕಿದರು. 1889ರ ಮೇ 31ರ ಮಳೆಗೆ ಜಾಲರಿಯಲ್ಲಿ ಕಸ ಸಿಕ್ಕಿಕೊಂಡಿತು, ನೀರು ಏರಿಯ ಮೇಲೆ ಹರಿದು ಅದನ್ನು ಒಡೆಯಿತು. 14 ಮೈಲಿ ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣ ಮತ್ತು ದಾರಿಯ ಊರುಗಳಲ್ಲಿ 2,209 ಜನ ಸತ್ತರು.

ತೂಬಿನ ಬಾಗಿಲನ್ನು ವರ್ಷಕ್ಕೊಮ್ಮೆ ತೆರೆದು ಮುಚ್ಚಿ ನೋಡಿ.

ಕೈಮೀರುತ್ತಿದೆ ಅನಿಸಿದರೆ

ಕದಡಿದ ನೀರು ಹೆಚ್ಚುತ್ತಿದ್ದರೆ, ಇಳಿಜಾರು ಜಾರುತ್ತಿದ್ದರೆ, ಕೆರೆಯಲ್ಲಿ ಸುಳಿ ಕಂಡರೆ, ಮೊದಲ ಫೋನ್ ತುರ್ತು ಸೇವೆಗೆ ಮತ್ತು ಕೆಳಗಿರುವ ಜನಕ್ಕೆ. ಎಂಜಿನಿಯರಿಗೆ ಆಮೇಲೆ. ಜನರನ್ನು ಎಬ್ಬಿಸಿ ಕಳಿಸಿದ ಮೇಲೆ ಏನೂ ಆಗದಿದ್ದರೆ ಸಂತೋಷವೇ.

ಬುಡದಲ್ಲಿ ನೀರು ಮಣ್ಣು ಚಿಮ್ಮಿಸುತ್ತಾ ಉಕ್ಕುತ್ತಿದ್ದರೆ ಆ ತೂತನ್ನು ಮುಚ್ಚಲು ಹೋಗಬೇಡಿ, ಅದು ಇನ್ನೊಂದು ಕಡೆ ಒಡೆಯುತ್ತದೆ. ಹತ್ತಿರ ಹೋಗುವುದು ಸುರಕ್ಷಿತ ಎಂದು ತಿಳಿದವರು ಹೇಳಿದರೆ ಮಾತ್ರ ಸುತ್ತ ಮರಳುಚೀಲದ ಕಟ್ಟೆ ಕಟ್ಟಿ. ಒಳಗೆ ನೀರು ನಿಂತಷ್ಟೂ ಒತ್ತಡ ಇಳಿಯುತ್ತದೆ. ತುರ್ತಿಲ್ಲದಾಗ ಕೆರೆಯನ್ನು ಒಮ್ಮೆಲೇ ಬರಿದು ಮಾಡಬೇಡಿ. ನೆನೆದ ಒಳ ಇಳಿಜಾರು ನೀರಿನ ಆಸರೆ ತಪ್ಪಿ ಕುಸಿಯಬಹುದು. ದಿನಕ್ಕೆ ಒಂದು ಅಡಿಯಷ್ಟು ಇಳಿಸುವುದು ವಾಡಿಕೆ.

ಫೋನ್ ನಂಬರುಗಳ ಪಟ್ಟಿ, ಮುಳುಗಬಹುದಾದ ಜಾಗದ ನಕ್ಷೆ, ಯಾರು ಯಾರನ್ನು ಎಬ್ಬಿಸಬೇಕು ಎಂಬ ವಿವರ, ಇಷ್ಟನ್ನು ಕಾಗದದ ಮೇಲೆ ಬರೆದು ಪೊಲೀಸ್ ಮತ್ತು ಅಗ್ನಿಶಾಮಕ ಠಾಣೆಗೂ ಒಂದೊಂದು ಪ್ರತಿ ಕೊಡಿ. ನಂಬರುಗಳು ಈಗಲೂ ಸರಿಯಿವೆಯೇ ಎಂದು ವರ್ಷಕ್ಕೊಮ್ಮೆ ಫೋನ್ ಮಾಡಿ ನೋಡಿ.