ಮನೆ ಕಂಪ್ಯೂಟರ್‌ನ ಅಡ್ಮಿನ್ ಬೀಗ ಯಾರ ಕೈಲಿರಬೇಕು?

ಕಳೆದ ತಿಂಗಳು ತುಮಕೂರಿನ ಬಟವಾಡಿಯಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಎಂಟನೇ ಕ್ಲಾಸಿನ ಮಗ ಯಾವುದೋ ಗೇಮ್ ಇಳಿಸಿಕೊಂಡಿದ್ದ. ಬ್ರೌಸರ್ ತೆರೆದರೆ ಸಾಕು, ಸ್ಕ್ರೀನ್ ತುಂಬ ಜಾಹೀರಾತು. "ಅಂಕಲ್, ನಾನು ಬರೀ ಯೆಸ್ ಒತ್ತಿದ್ದು ಅಷ್ಟೇ" ಅಂದ. ಹುಡುಗನನ್ನು ಬೈದು ಏನು ಪ್ರಯೋಜನ? ಆ ಮನೆಯಲ್ಲಿ ಎಲ್ಲರೂ ಅಡ್ಮಿನ್, ಅಂದರೆ ಏನನ್ನು ಬೇಕಾದರೂ ಹಾಕುವ, ಬದಲಿಸುವ ಅಧಿಕಾರವಿರುವ ಅಕೌಂಟ್‌ನಲ್ಲೇ ಕೂರುತ್ತಿದ್ದರು, ಅದಕ್ಕೆ ಪಾಸ್‌ವರ್ಡೂ ಇರಲಿಲ್ಲ.

ವಿಂಡೋಸ್ ಹಾಕುವಾಗ ಮೊದಲು ಹುಟ್ಟುವ ಅಕೌಂಟ್ ಅಡ್ಮಿನ್ ಆಗಿರುತ್ತದೆ. ಅಂಗಡಿಯವರು ಅದನ್ನೇ ಕೊಟ್ಟು ಕಳಿಸುತ್ತಾರೆ, ನಾವು ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡುತ್ತೇವೆ. ಹೊಸ ಪ್ರೋಗ್ರಾಂ ಒಳಗೆ ಬರುವಾಗ ಅಡ್ಮಿನ್‌ಗೆ ಬರೀ ಯೆಸ್, ನೋ ಕೇಳುತ್ತದೆ. ಆ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಿ ಅದೇ ಜಾಗದಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. 2007ರಲ್ಲಿ ವಿಸ್ತಾ ಬಂದಾಗಿನಿಂದ ಈ ಸೌಲಭ್ಯ ಇದೆ. ಹೋಮ್ ಎಡಿಷನ್‌ನಲ್ಲೂ ಇದೆ, ದುಡ್ಡು ಕೊಡಬೇಕಿಲ್ಲ.

ಅಕೌಂಟ್ ಬದಲಿಸುವ ಮೊದಲು ಫೋಟೊ, ದಾಖಲೆಗಳನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.

ಮುಂದಿನ ಹೆಜ್ಜೆಯಲ್ಲೇ ಜಾಸ್ತಿ ಜನ ಎಡವುತ್ತಾರೆ. ತಮಗೊಂದು ಹೊಸ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಳ್ಳುತ್ತಾರೆ. ಒಳಗೆ ಹೋದರೆ ಡೆಸ್ಕ್‌ಟಾಪ್ ಖಾಲಿ, ಬುಕ್‌ಮಾರ್ಕ್ ಇಲ್ಲ, ಫೋಟೊ ಇಲ್ಲ. ಎರಡೇ ದಿನಕ್ಕೆ ಬೇಸರವಾಗಿ ಹಳೇ ಅಕೌಂಟ್‌ಗೆ ವಾಪಸ್. ಹಾಗಾಗಿ ಉಲ್ಟಾ ಮಾಡಿ: ಹೊಸದನ್ನು ಅಡ್ಮಿನ್ ಮಾಡಿ, ದಿನಾ ಬಳಸುವ ಹಳೆಯದನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಫೈಲುಗಳು ಇದ್ದಲ್ಲೇ ಇರುತ್ತವೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆ್ಯಡ್ ಅಕೌಂಟ್ ಒತ್ತಿ. ಇಮೇಲ್ ಕೇಳುತ್ತದೆ, ಕೊಡಬೇಡಿ. ಕೆಳಗೆ 'ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್ ಇನ್ ಇನ್ಫರ್ಮೇಶನ್' ಅಂತ ಇರುತ್ತದೆ. ಅದನ್ನು ಒತ್ತಿದ ಮೇಲೆ 'ಆ್ಯಡ್ ಎ ಯೂಸರ್ ವಿತೌಟ್ ಎ ಮೈಕ್ರೋಸಾಫ್ಟ್ ಅಕೌಂಟ್' ಆರಿಸಿ. ಹೆಸರು 'ಬೀಗ' ಅಂತಲೇ ಇಡಿ, ಯಾರಿಗೂ ಗೊಂದಲ ಆಗಲ್ಲ. ಪಾಸ್‌ವರ್ಡ್ ಉದ್ದವಾಗಿರಲಿ. ಮೂರು ಗುಟ್ಟಿನ ಪ್ರಶ್ನೆಗಳಿಗೂ ಉತ್ತರ ಕೊಡಬೇಕು. ಹುಟ್ಟಿದ ಊರು ಯಾವುದು ಎಂಬುದಕ್ಕೆ ತುಮಕೂರು ಅಂತ ಬರೆದರೆ ಮಗನಿಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಸಂಬಂಧವೇ ಇಲ್ಲದ ಉತ್ತರ ಕೊಡಿ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ರೇಷನ್ ಕಾರ್ಡ್ ಜೊತೆ ಬೀರುವಿನಲ್ಲಿಡಿ. ಕೀಬೋರ್ಡ್ ಅಡಿಗೆ ಮಾತ್ರ ಬೇಡ.

ಈಗ ಆ ಹೊಸ ಹೆಸರಿನ ಮೇಲೆ ಒತ್ತಿ, ಚೇಂಜ್ ಅಕೌಂಟ್ ಟೈಪ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಮಾಡಿ.

ಇಲ್ಲಿ ಸ್ವಲ್ಪ ನಿಲ್ಲಿ. ಹಳೇ ಅಕೌಂಟ್‌ನಿಂದ ಸೈನ್ ಔಟ್ ಆಗಿ. ಲಾಕ್ ಮಾಡಿದರೆ ಸಾಲದು, ಯಾಕಂದ್ರೆ ಒಳಗೆ ತೆರೆದೇ ಇರುವ ಅಕೌಂಟ್‌ಗೆ ಸೈನ್ ಔಟ್ ಆಗುವ ತನಕ ಅಡ್ಮಿನ್ ಅಧಿಕಾರ ಉಳಿದಿರುತ್ತದೆ. 'ಬೀಗ'ಕ್ಕೆ ಚೀಟಿ ನೋಡಿಕೊಂಡೇ ಪಾಸ್‌ವರ್ಡ್ ಹೊಡೆದು ಒಳಗೆ ಹೋಗಿ. ಸೆಟ್ಟಿಂಗ್ಸ್, ಅಕೌಂಟ್ಸ್, ಯುವರ್ ಇನ್ಫೋದಲ್ಲಿ ಹೆಸರಿನ ಕೆಳಗೆ ಅಡ್ಮಿನಿಸ್ಟ್ರೇಟರ್ ಅಂತ ಕಂಡರೆ ಸರಿ. ಇಷ್ಟು ಖಾತ್ರಿಯಾದ ಮೇಲೇ ಅದರ್ ಯೂಸರ್ಸ್‌ನಲ್ಲಿ ಹಳೇ ಹೆಸರನ್ನು ಸ್ಟ್ಯಾಂಡರ್ಡ್ ಯೂಸರ್‌ಗೆ ಇಳಿಸಿ. ಪರೀಕ್ಷೆ ಮಾಡದೆ ಇಳಿಸಿ, ಪಾಸ್‌ವರ್ಡೂ ಮರೆತು, ಕಂಪ್ಯೂಟರ್ ಹೊತ್ತುಕೊಂಡು ಅಂಗಡಿಗೆ ಓಡಿದವರನ್ನು ನೋಡಿದ್ದೇನೆ.

ಮಕ್ಕಳಿಗೆ, ಅಜ್ಜನಿಗೆ ಬೇರೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡಿ.

ಇನ್ನು ಮುಂದೆ 'ಬೀಗ'ದೊಳಗೆ ಕೂತು ಇಂಟರ್ನೆಟ್ ನೋಡಬೇಡಿ. ಪ್ರಿಂಟರ್ ಅಥವಾ ನುಡಿ ತಂತ್ರಾಂಶ ಹಾಕಬೇಕಾ? ನಿಮ್ಮ ಮಾಮೂಲಿ ಅಕೌಂಟ್‌ನಲ್ಲೇ ಹಾಕಿ. ಕೇಳಿದಾಗ ಒಂದು ಸಲ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ಆಯಿತು. ವಿಂಡೋಸ್ ಅಪ್‌ಡೇಟ್ ತನ್ನ ಪಾಡಿಗೆ ಬರುತ್ತಿರುತ್ತದೆ. ನೀವು ಏನನ್ನೂ ಹಾಕದೆ ಇದ್ದಾಗ ಪಾಸ್‌ವರ್ಡ್ ಕೇಳಿದರೆ ನೋ ಒತ್ತಿ, ಯೋಚಿಸಲೇಬೇಡಿ.

ಕಂಪ್ಯೂಟರ್ ಸ್ಪೀಡ್ ಮಾಡ್ತೀವಿ, ಡ್ರೈವರ್ ಸರಿ ಮಾಡ್ತೀವಿ ಅನ್ನುವ ಪ್ರೋಗ್ರಾಂಗಳು ಮನೆಗೆ ಬೇಡವೇ ಬೇಡ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇನ್ನೂ ಅಪಾಯ. "ಆ್ಯಂಟಿವೈರಸ್ ಆಫ್ ಮಾಡಿ, ಅಡ್ಮಿನ್ ಆಗಿ ಓಡಿಸಿ" ಅಂತ ಅದೇ ಹೇಳುತ್ತದೆ. ಅಂದರೆ ಬೀಗದ ಕೈ ನೀವೇ ಕೊಟ್ಟಂತೆ. ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆ್ಯಂಟಿವೈರಸ್ ಸಾಕು ಅನ್ನುವವನು ನಾನು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಇರುವವರು 11ಕ್ಕೆ ಹೋಗುವ ದಾರಿ ನೋಡಿ.

ಸ್ಟ್ಯಾಂಡರ್ಡ್ ಅಕೌಂಟ್ ಎಲ್ಲವನ್ನೂ ತಡೆಯುವುದಿಲ್ಲ. ನೀವು ತೆರೆಯಬಹುದಾದ ಫೈಲನ್ನು ನೀವು ಓಡಿಸಿದ ಕೆಟ್ಟ ಪ್ರೋಗ್ರಾಂ ಕೂಡ ತೆರೆಯಬಹುದು, ಲಾಕ್ ಮಾಡಿ ದುಡ್ಡು ಕೇಳಬಹುದು. ಫೋನ್‌ನಲ್ಲಿ ಓಟಿಪಿ ಹೇಳಿಬಿಟ್ಟರೆ ಯಾವ ಅಕೌಂಟ್ ಇದ್ದರೂ ಅಷ್ಟೇ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಿಂಗಳಿಗೊಮ್ಮೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಆದ ಮೇಲೆ ವೈರ್ ಕಿತ್ತು ಬೀರುವಿನಲ್ಲಿಡಿ.