ಶಾಲೆಯೊಳಗಿನ ಮನಶ್ಶಾಸ್ತ್ರಜ್ಞೆ: ನಾನು ಮಾಡುವ ಕೆಲಸ

ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಮನಶ್ಶಾಸ್ತ್ರಜ್ಞೆಯಾಗಿದ್ದೇನೆ. ಹಾಜರಿ ಪುಸ್ತಕದಲ್ಲಿ ನನ್ನ ಹುದ್ದೆ ‘ಕೌನ್ಸೆಲರ್’ ಎಂದಿದೆ. ಸಿಬಿಎಸ್‌ಇ ಮಾನ್ಯತೆಯ ನಿಯಮಗಳು ಇಂಥ ಒಬ್ಬರನ್ನು ಕೇಳುವುದರಿಂದ ಹುದ್ದೆ ಹುಟ್ಟುವುದು ಕಷ್ಟವಾಗಲಿಲ್ಲ; ಅದರಲ್ಲಿ ಕುಳಿತವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡಬೇಕೆಂಬುದು ಮಾತ್ರ ಆಡಳಿತ ಮಂಡಳಿಗಾಗಲಿ ಸಹೋದ್ಯೋಗಿಗಳಿಗಾಗಲಿ ಸ್ಪಷ್ಟವಿರಲಿಲ್ಲ. ಗಲಾಟೆ ಮಾಡುವ ಮಕ್ಕಳನ್ನು ಕೂರಿಸಿಕೊಂಡು ಬುದ್ಧಿ ಹೇಳುವವರು ಎಂದು ಕೆಲವರು ತಿಳಿದಿದ್ದರೆ, ಪರೀಕ್ಷೆ ಮಾಡಿ ಐಕ್ಯೂ ಬರೆದುಕೊಡುವವರು ಎಂದು ಉಳಿದವರು ತಿಳಿದಿದ್ದರು. ನನ್ನ ಸಮಯದ ಹೆಚ್ಚಿನ ಪಾಲು ಹೋಗುವುದು ಈ ಎರಡಕ್ಕೂ ಅಲ್ಲ, ಮಗುವಿನ ಮೇಲೆ ಬಂದ ದೂರನ್ನು ಉತ್ತರ ಹುಡುಕಬಹುದಾದ ಪ್ರಶ್ನೆಯಾಗಿ ಬಿಡಿಸಿಕೊಳ್ಳುವುದಕ್ಕೆ.

‘ಗಮನವೇ ಇಲ್ಲ’, ‘ಸೋಮಾರಿ’, ‘ಮೊಂಡ’ ಎಂಬ ಮೂರು ಮಾತುಗಳಲ್ಲಿ ಬಹುತೇಕ ದೂರುಗಳು ಮುಗಿಯುತ್ತವೆ. ಕಂಡದ್ದನ್ನಷ್ಟೇ ಬರೆಯಿರಿ ಎಂದು ಶಿಕ್ಷಕರಿಗೆ ಒಂದು ಪುಟದ ನಮೂನೆ ಕೊಟ್ಟಿದ್ದೆ. ತುಂಬಿದ ತರಗತಿ, ತಿದ್ದಬೇಕಾದ ಪುಸ್ತಕಗಳ ರಾಶಿ, ಅದರ ಮೇಲೆ ಇದೊಂದು ನಮೂನೆ ಎಂದು ಅವರು ಬೇಸರಪಟ್ಟುಕೊಂಡದ್ದು ನ್ಯಾಯವೇ ಆಗಿತ್ತು. ಈಗ ನಾನೇ ಸ್ಟಾಫ್ ರೂಮಿಗೆ ಹೋಗಿ, ಕೇಳಿ, ಬರೆದುಕೊಳ್ಳುತ್ತೇನೆ. ಎಲ್ಲ ಪೀರಿಯಡ್‌ಗಳಲ್ಲೂ ಹೀಗೆಯೇ, ಅಥವಾ ಓದಿ ಬರೆಯುವ ಪೀರಿಯಡ್‌ಗಳಲ್ಲಿ ಮಾತ್ರವೇ? ಯಾವಾಗಿನಿಂದ? ಮಗು ಯಾವ ಬೆಂಚಿನಲ್ಲಿ ಕೂರುತ್ತದೆ? ಬಾಯಲ್ಲಿ ಕೇಳಿದರೆ ಉತ್ತರ ಹೇಳುತ್ತದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿಯೇ ಹಲವು ಪ್ರಕರಣಗಳ ದಾರಿ ಕಾಣಿಸುತ್ತದೆ. ಇದರ ಜೊತೆಗೇ ಕಣ್ಣು ಮತ್ತು ಕಿವಿಯ ತಪಾಸಣೆ ಆಗಬೇಕು. ಮಾನಸಗಂಗೋತ್ರಿಯಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದರಿಂದ ನಮ್ಮೂರಿನ ಪೋಷಕರಿಗೆ ಶ್ರವಣ ಪರೀಕ್ಷೆ ದೂರದ ಮಾತಲ್ಲ.

ಕಲಿಕೆಯ ತೊಂದರೆಯ ಪ್ರಕರಣ ಹೇಗೆ ಸಾಗುತ್ತದೆ ಎಂಬುದನ್ನು, ಗುರುತು ಬಿಟ್ಟುಕೊಡದೆ, ಒಬ್ಬ ಹುಡುಗನ ಮೂಲಕ ವಿವರಿಸುತ್ತೇನೆ. ನಾಲ್ಕನೆಯ ತರಗತಿಯ ಈತ ಗಣಿತದ ಬಾಯಿಲೆಕ್ಕದಲ್ಲಿ ಚುರುಕು, ಕಥೆ ಕೇಳಿ ಮರುಹೇಳುವುದರಲ್ಲಿ ಎಲ್ಲರಿಗಿಂತ ಮುಂದು. ಪುಸ್ತಕ ತೆರೆದರೆ ಮಾತ್ರ ನೀರು ಕುಡಿಯಲು ಎದ್ದು ಹೋಗುತ್ತಾನೆ. ಕನ್ನಡ ಓದುವುದನ್ನು ಗಮನಿಸುವಾಗ ಇಂಗ್ಲಿಷಿನ ಅಳತೆಗೋಲು ಕೆಲಸಕ್ಕೆ ಬರುವುದಿಲ್ಲ. ವರ್ಣಮಾಲೆಯ ಅಕ್ಷರಗಳು ಐವತ್ತರ ಆಸುಪಾಸು ಇದ್ದರೂ ಕಾಗುಣಿತ, ಒತ್ತಕ್ಷರ ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರು ಆಗುತ್ತವೆ. ಆದ್ದರಿಂದ ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಡವರಿಸುವುದು ಸಹಜ, ನಾಲ್ಕರ ಕೊನೆಯಲ್ಲಿಯೂ ದೀರ್ಘ ಬಿಟ್ಟು, ಒತ್ತು ಬಿಟ್ಟು, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು ಸಹಜವಲ್ಲ. ಹಾಗೆಯೇ ಮನೆಯಲ್ಲಿ ಹಕಾರವನ್ನೇ ಉಚ್ಚರಿಸದ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಅದು ಆಡುನುಡಿಯ ಪ್ರಭಾವವೇ ಹೊರತು ನ್ಯೂನತೆಯಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಂಪು ಗೆರೆಗಳನ್ನು ಎಣಿಸಿ ವರದಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ಹುಡುಗನಿಗೆ ನೇರವಾಗಿ ಪರೀಕ್ಷೆ ಮಾಡಿಸಲಿಲ್ಲ. ಒಂದು ಅವಧಿಯವರೆಗೆ ದಿನವೂ ಸ್ವಲ್ಪ ಹೊತ್ತು ವಿಶೇಷ ಶಿಕ್ಷಕಿಯೊಂದಿಗೆ ಕಾಗುಣಿತದ ಒಂದೊಂದೇ ಗುಂಪನ್ನು ಓದಿಸಿ, ಬರೆಸಿ, ಎಷ್ಟು ಉಳಿಯುತ್ತದೆಂದು ನೋಡಿದೆವು. ಸರಿಯಾಗಿ ಕಲಿಸಿದ ಮೇಲೂ ನಿಲ್ಲದಿದ್ದದ್ದೇ ಮುಂದಿನ ಹೆಜ್ಜೆಗೆ ಆಧಾರವಾಯಿತು. ಇಂಥ ಹಂತದಲ್ಲಿ ಬುದ್ಧಿಶಕ್ತಿಯ ಪರೀಕ್ಷೆಗೆ ನಮ್ಮಲ್ಲಿ ಈಗಲೂ ಬಳಕೆಯಲ್ಲಿರುವುದು ಬಿನೆ–ಕಾಮತ್ ಪರೀಕ್ಷೆ ಮತ್ತು ಮಾಲಿನ್ ಅವರ ಮಾಪಕ. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿಯೇ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಬಿನೆ ಮಾಪಕವನ್ನು ಪರಿಷ್ಕರಿಸಿದ್ದರು ಎಂಬುದು ನಮ್ಮ ಹೆಮ್ಮೆ; ಅಷ್ಟು ಹಳೆಯ ಮಾಪಕವನ್ನು ಇಂದಿಗೂ ನೆಚ್ಚಿಕೊಂಡಿರುವುದು ಅಷ್ಟೊಂದು ಹೆಮ್ಮೆಯ ಸಂಗತಿಯಲ್ಲ. ಓದು-ಬರಹದ ನ್ಯೂನತೆಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಗುಚ್ಛವಿದೆ. ಆದರೆ ಪ್ರಮಾಣಪತ್ರ ಕೊಡುವ ಅಧಿಕಾರ ಶಾಲೆಯ ಕೌನ್ಸೆಲರ್‌ಗೆ ಇಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ವಿಧಗಳಲ್ಲಿ ಸೇರಿಸಿದೆ, ಅದನ್ನು ದೃಢೀಕರಿಸುವುದು ವೈದ್ಯಕೀಯ ಪ್ರಾಧಿಕಾರದ ಕೆಲಸ. ಮಗುವಿನ ಪುಸ್ತಕಗಳು, ತರಗತಿಯ ಅವಲೋಕನ, ಕಲಿಸಿದ ಕ್ರಮ, ಫಲಿತಾಂಶ ಇವಿಷ್ಟನ್ನೂ ಒಳಗೊಂಡ ಪತ್ರ ಬರೆದುಕೊಡುವುದು ನನ್ನ ಪಾಲಿನದು.

ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ಈ ಸರ್ಟಿಫಿಕೇಟ್ ತಗೊಂಡ್ರೆ ನಾಳೆ ನನ್ನ ಮಗನ ಮೇಲೆ ಮುದ್ರೆ ಬೀಳಲ್ವಾ?” ಇಲ್ಲವೆಂದು ನಾನು ಸಮಾಧಾನ ಹೇಳಲಿಲ್ಲ. ‘ದಡ್ಡ’ ಎಂಬ ಮುದ್ರೆ ಈಗಾಗಲೇ ತರಗತಿಯಲ್ಲಿ ಬಿದ್ದಿದೆ ಎಂದು ತಿಳಿಸಿ, ಪ್ರಮಾಣಪತ್ರದಿಂದ ಸಿಗುವುದೇನೆಂಬುದನ್ನು ವಿವರಿಸಿದೆ. ಸಿಬಿಎಸ್‌ಇ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ, ಅಗತ್ಯವಿದ್ದರೆ ಬರೆದುಕೊಡುವ ಲಿಪಿಕಾರರು, ಭಾಷಾ ವಿಷಯಗಳಲ್ಲಿ ರಿಯಾಯಿತಿ. ಅವರು ಒಪ್ಪಲು ಒಂದು ಬೇಸಿಗೆ ರಜೆ ಹಿಡಿಯಿತು.

ಹಿರಿಯ ವಿದ್ಯಾರ್ಥಿಗಳೊಂದಿಗಿನ ಮಾತುಕತೆಯಲ್ಲಿ ಗೋಪ್ಯತೆಯೇ ಬಂಡವಾಳ. ಅದರ ಮಿತಿಯನ್ನು ಮೊದಲ ದಿನವೇ ಹೇಳಿಬಿಡುತ್ತೇನೆ: ನಿನ್ನ ಪ್ರಾಣಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಅಪಾಯವಿದ್ದರೆ, ಅಥವಾ ನಿನ್ನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ನಾನು ಸುಮ್ಮನಿರಲಾರೆ. 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ಲೈಂಗಿಕ ದೌರ್ಜನ್ಯದ ಮಾಹಿತಿಯನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ 21ನೆಯ ಕಲಮಿನಡಿ ಶಿಕ್ಷೆಯಿದೆ. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ‘ಒಳಗೇ ವಿಚಾರಿಸೋಣ’ ಎಂಬ ಸಲಹೆ ಬಂದರೆ ಈ ಎರಡು ಕಲಮುಗಳ ಪ್ರತಿಯನ್ನು ಮೇಜಿನ ಮೇಲಿಡುತ್ತೇನೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳುತ್ತೇನೆ, ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹೌದೆಂಬ ಉತ್ತರ ಬಂದರೆ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ; ಅಂದೇ ಪೋಷಕರನ್ನು ಕರೆಸಿ, ಮನೋವೈದ್ಯರಲ್ಲಿಗೆ ಕಳುಹಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಮತ್ತು ಮಕ್ಕಳ ಸಹಾಯವಾಣಿಯ 1098 ಸಂಖ್ಯೆಗಳನ್ನು ಬರೆದುಕೊಡುತ್ತೇನೆ. ಪ್ರಾಂಶುಪಾಲರಿಗೆ ತಿಳಿಸುವುದು ಈಗ ಶಾಲೆ ಏನು ಮಾಡಬೇಕೆಂಬುದನ್ನು. ಮಗು ಹೇಳಿದ ಮನೆಯ ಕಥೆಯನ್ನಲ್ಲ.

ಪರೀಕ್ಷಾ ಭಯ, ಮುಂದಿನ ಕೋರ್ಸಿನ ಆಯ್ಕೆ, ಪೋಷಕರ ಸಭೆಯ ಉಪನ್ಯಾಸ ಇವೂ ನನ್ನ ಕೆಲಸಗಳೇ, ಇವನ್ನು ಮಾಡುವವರು ಬೇಕಾದಷ್ಟು ಜನರಿದ್ದಾರೆ. ಶಿಕ್ಷಕರ ವರ್ತನೆಯೇ ಮಗುವಿನ ತೊಂದರೆಗೆ ಕಾರಣವಾಗಿರುವಾಗ ಅದನ್ನು ಹೇಳುವವರು ಕಡಿಮೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಜೊತೆಯಲ್ಲಿ ಕಾಫಿ ಕುಡಿಯುವ ಸಹೋದ್ಯೋಗಿಗೆ ಇದನ್ನು ನೆನಪಿಸುವುದು ಮುಜುಗರದ ಕೆಲಸ. ಮೊದಲು ಅವರೊಬ್ಬರಿಗೇ ಹೇಳುತ್ತೇನೆ, ಬದಲಾಗದಿದ್ದರೆ ಲಿಖಿತವಾಗಿ ಮೇಲಿನವರಿಗೆ.

ಮಾರ್ಚ್ ಮುಗಿಯುವಾಗ, ನೆರವು ಪಡೆದ ಪ್ರತಿ ಮಗುವಿನ ಬಗ್ಗೆ ಮುಂದಿನ ತರಗತಿಯ ಶಿಕ್ಷಕರಿಗೆ ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ ಕಾಯಿಲೆಯ ಅಥವಾ ನ್ಯೂನತೆಯ ಹೆಸರು ಇರುವುದಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸಿ, ಕಪ್ಪು ಹಲಗೆಯಿಂದ ನಕಲು ಮಾಡಿಸುವ ಬದಲು ಮುದ್ರಿತ ಹಾಳೆ ಕೊಡಿ, ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ, ಉತ್ತರವನ್ನು ಬಾಯಲ್ಲಿ ಕೇಳಿ ಎಂಬಂಥ ನಾಲ್ಕಾರು ಸಾಲುಗಳಿರುತ್ತವೆ. ಪರೀಕ್ಷೆಯ ಅಂಕಿಗಳು, ವೈದ್ಯರ ಪತ್ರಗಳು ಮತ್ತು ಮಾತುಕತೆಯ ಟಿಪ್ಪಣಿಗಳು ನನ್ನ ಕೋಣೆಯ ಬೀಗ ಹಾಕಿದ ಕಪಾಟಿನಲ್ಲಿಯೇ ಉಳಿಯುತ್ತವೆ.